ಬೆಟ್ಟ ಮಾತ್ರ ಹತ್ತಿ ವಾಪಸ್ ಬರಬೇಡಿ: ಟುಲೂಸ್ ಕಡೆಯ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಫ್ರಾನ್ಸಿನ ಟುಲೂಸ್, ಬ್ಲಾನ್ಯಾಕ್, ಕೊಲೊಮಿಯೆ ಕಡೆ ಇರೋ ಎಲ್ಲಾ ಕನ್ನಡದವರಿಗೆ, ಅದ್ರಲ್ಲೂ ಊರಿಂದ ಅಪ್ಪ ಅಮ್ಮ ಅತ್ತೆ ಮಾವನ್ನ ಕರೆಸ್ಕೊಂಡು "ಈ ವೀಕೆಂಡ್ ಇವರನ್ನ ಎಲ್ಲಿಗಪ್ಪಾ ಕರ್ಕೊಂಡ್ ಹೋಗೋದು" ಅಂತ ತಲೆ ಕೆಡಿಸ್ಕೊಳ್ಳೋರಿಗೆ,

ನಮಸ್ಕಾರ. ವಿಷಯ ಏನಂದ್ರೆ ಸೇಂಟ್-ಬರ್ಟ್ರಾಂಡ್-ದ-ಕೊಮ್ಯಾಂಜ್ ಅನ್ನೋ ಊರು. ನಮ್ಮವರು ತುಂಬಾ ಜನ ಹೋಗ್ತಾರೆ, ಯಾಕಂದ್ರೆ ಟುಲೂಸಿಂದ ನೂರು ಚಿಲ್ಲರೆ ಕಿಲೋಮೀಟರ್, ಎ64 ಹೈವೇ ಹಿಡಿದು ಮೊಂತ್ರೆಜೋ ಹತ್ರ ಇಳಿದ್ರೆ ಆಯ್ತು, ಅಲ್ಲಿಂದ ಪಿರೆನೀಸ್ ಬೆಟ್ಟಗಳು ಎದುರಿಗೇ ನಿಂತಿರುತ್ತವೆ, ಸಣ್ಣ ಗುಡ್ಡದ ಮೇಲೆ ಹಡಗಿನ ಗಾತ್ರದ ಒಂದು ಕೆಥೆಡ್ರಲ್, ಫೋಟೋಗೆ ಬೇರೆ ಏನೂ ಬೇಡ. ಹೋಗಿ ಬಂದ್ಮೇಲೆ ಸ್ಟೇಟಸ್ಸಲ್ಲಿ ಏನ್ ಹಾಕ್ತಾರೆ? ಕೆಥೆಡ್ರಲ್ ಒಂದು, ಒಳಗೆ ಗೋಡೆಗೆ ನೇತು ಹಾಕಿರೋ ಮೊಸಳೆ ಒಂದು, ಕಲ್ಲು ಹಾಸಿದ ಬೀದೀಲಿ ಐಸ್‌ಕ್ರೀಮ್ ಹಿಡ್ಕೊಂಡು ಒಂದು. ಗುಡ್ಡದ ಕೆಳಗೆ ಪಾಳು ಬಿದ್ದಿರೋ ರೋಮನ್ ಊರು ಹೇಗಿತ್ತು ಅಂತ ಕೇಳಿದ್ರೆ "ಅಯ್ಯೋ ಅದಾ, ಕೆಳಗೆ ಏನೋ ಬರೀ ಕಲ್ಲು ಇತ್ತು, ಕಾರಿಂದಾನೇ ನೋಡಿದ್ವಿ" ಅಂತಾರೆ. ಹೋದ ಪುಟ್ಟ ಬಂದ ಪುಟ್ಟ.

ನನ್ನ ಮನವಿ ಇಷ್ಟೇ. ಆ ಬರೀ ಕಲ್ಲನ್ನ ಮೊದಲು ನೋಡಿ, ಬೆಟ್ಟ ಆಮೇಲೆ ಹತ್ತಿ. ಉಲ್ಟಾ ಮಾಡಿದ್ರೆ ಎರಡೂ ಅರ್ಥ ಆಗಲ್ಲ.

ಈಗ ಆ ಊರಲ್ಲಿ ಇರೋರು ಸುಮಾರು 250 ಜನ, ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಬ್ಲಾಕಲ್ಲಿ ಇದಕ್ಕಿಂತ ಜಾಸ್ತಿ ಇರ್ತಾರೆ. ಆದ್ರೆ ಎರಡು ಸಾವಿರ ವರ್ಷದ ಹಿಂದೆ ಇದು ದೊಡ್ಡ ಪಟ್ಟಣ. ಲುಗ್ಡುನುಮ್ ಕನ್ವೆನಾರುಮ್ ಅಂತ ಹೆಸರು, ಈ ಇಡೀ ಸೀಮೆಗೆ ಜಿಲ್ಲಾ ಕೇಂದ್ರ ಇದ್ದ ಹಾಗೆ. ಪಾಂಪೆ ಅನ್ನೋ ರೋಮನ್ ಸೇನಾಪತಿ ಸ್ಪೇನಿನ ಯುದ್ಧ ಮುಗಿಸ್ಕೊಂಡು ವಾಪಸ್ ಹೋಗ್ತಾ ಕ್ರಿ.ಪೂ. 72ರಲ್ಲಿ ಅಲ್ಲಿ ಇಲ್ಲಿ ಚೆದುರಿ ಹೋಗಿದ್ದ ಜನಾನ್ನ ಬೆಟ್ಟದಿಂದ ಇಳಿಸಿ ಒಂದು ಕಡೆ ಕೂಡಿಸಿ ಊರು ಕಟ್ಟಿಸಿದ ಅಂತ ಕಥೆ. ನಾಲ್ಕು ಶತಮಾನ ಕಳೆದ ಮೇಲೆ ಸಂತ ಜೆರೋಮ್ ಯಾರ ಮೇಲೋ ಸಿಟ್ಟಲ್ಲಿ ಬರೀತಾ "ಆ ಊರಿನವರೆಲ್ಲಾ ಕಳ್ಳಕಾಕರ ಸಂತಾನ" ಅನ್ನೋ ಥರ ಬೈದು ಇಟ್ಟಿದ್ದಾನೆ, ಪಾಂಪೆ ಕಥೆ ನಮಗೆ ಬಂದಿರೋದು ಮುಖ್ಯವಾಗಿ ಆ ಬೈಗುಳದಿಂದಾನೇ. ಅದಕ್ಕೇ ಅದನ್ನ ಪೂರ್ತಿ ನಂಬೋದಕ್ಕೆ ನನಗೆ ಸ್ವಲ್ಪ ಹಿಂಜರಿಕೆ, ಜಗಳದಲ್ಲಿ ಹೇಳಿದ ಮಾತು ಅಲ್ವಾ.

ಆ ಪಟ್ಟಣ ಇದ್ದದ್ದು ಗುಡ್ಡದ ಬುಡದ ಬಯಲಲ್ಲಿ, ಗರೋನ್ ನದಿ ಕಡೆಗೆ. ಅಂದ್ರೆ ನೀವು ಕಾರ್ ನಿಲ್ಲಿಸಿ ಮೇಲೆ ಹೋಗೋ ಆತುರದಲ್ಲಿ ದಾಟಿ ಹೋಗ್ತೀರಲ್ಲಾ, ಆ ಹುಲ್ಲುಗಾವಲು. ಫೋರಂ ಅಂದ್ರೆ ಊರಿನ ಸಭೆ ಸೇರೋ ಚೌಕ ಅಲ್ಲೇ, ದೇವಸ್ಥಾನ ಅಲ್ಲೇ, ಮಾರ್ಕೆಟ್ ಅಲ್ಲೇ, ಸಾರ್ವಜನಿಕ ಸ್ನಾನದ ಮನೆ ಒಂದಲ್ಲ ಎರಡು, ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ ಥಿಯೇಟರ್ ಕೂಡ. ಅಗೆದು ತೋರಿಸಿರೋದು ಒಂದು ಭಾಗ ಮಾತ್ರ, ಉಳಿದದ್ದು ಇನ್ನೂ ಹುಲ್ಲಿನ ಕೆಳಗೇ ಇದೆ. ಬೇಸಿಗೇಲಿ ಮಳೆ ಇಲ್ಲದೆ ನೆಲ ಒಣಗಿದಾಗ, ಕೆಳಗೆ ಗೋಡೆ ಇರೋ ಕಡೆ ಮಣ್ಣು ತೆಳು ಇರೋದ್ರಿಂದ ಹುಲ್ಲು ಬೇಗ ಹಳದಿ ಆಗುತ್ತೆ, ವಿಮಾನದಿಂದ ನೋಡಿದ್ರೆ ಬೀದಿ, ರೂಮು, ಅಂಗಳ ಎಲ್ಲಾ ಗೆರೆ ಎಳೆದ ಹಾಗೆ ಕಾಣುತ್ತೆ, ಪುರಾತತ್ವದವರು ಅಗೆಯೋ ಮುಂಚೆ ಇದನ್ನೇ ನೋಡ್ಕೊಳ್ಳೋದು. ವಿಮಾನ ಮಾಡೋ ಊರಲ್ಲಿ ಕೆಲಸ ಮಾಡೋ ನಮ್ಮವರಿಗೆ ಇದು ಇಂಟರೆಸ್ಟಿಂಗ್ ಅನ್ನಿಸಬೇಕು ಅಂತ ಹೇಳ್ದೆ.

ಸರಿ, "ಬರೀ ಮೊಣಕಾಲೆತ್ತರ ಗೋಡೆ" ಅನ್ನೋ ಕಂಪ್ಲೇಂಟಿಗೆ ಬರೋಣ. ಮೊಣಕಾಲೆತ್ತರ ಇದೆ, ಒಪ್ಪಿದೆ. ಆದ್ರೆ ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ, ಅಸಲಿ ಕಥೆ ಇರೋದೇ ಅಲ್ಲಿ. ಕಲ್ಲು ಮಾಯ ಆಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ. ರೋಮನ್ನರ ಕಾಲ ಮುಗಿದ ಮೇಲೆ ಸಾವಿರ ವರ್ಷ ಆ ಸುತ್ತಿನ ಜನಕ್ಕೆ ಕೆಳಗಿನ ಪಾಳು ಪಟ್ಟಣಾನೇ ಕಲ್ಲಿನ ಕ್ವಾರಿ. ರೆಡಿಯಾಗಿ ಕಡೆದು ನಯ ಮಾಡಿ ಇಟ್ಟಿರೋ ಕಲ್ಲು ಮನೆ ಬಾಗಿಲಲ್ಲಿ ಬಿದ್ದಿರುವಾಗ ಬೆಟ್ಟಕ್ಕೆ ಹೋಗಿ ಯಾರು ಒಡೀತಾರೆ ಹೇಳಿ. ಅಮೃತಶಿಲೆ ಸಿಕ್ಕಿದ್ರೆ ಇನ್ನೂ ಕಷ್ಟ, ಅದನ್ನ ಸುಟ್ಟು ಸುಣ್ಣ ಮಾಡ್ಕೊಳ್ಳೋರು, ಯುರೋಪಿನ ಎಷ್ಟೋ ರೋಮನ್ ಮೂರ್ತಿಗಳು ಹೋಗಿರೋದು ಸುಣ್ಣದ ಗೂಡಿಗೇ.

ನಂಬಿಕೆ ಬರದಿದ್ರೆ ಪಕ್ಕದ ವಾಲ್ಕಾಬ್ರೇರ್‌ಗೆ ನಡೆದು ಹೋಗಿ, ದೂರ ಏನಿಲ್ಲ. ಹೊಲದ ಮಧ್ಯೆ ಸೈಪ್ರೆಸ್ ಮರಗಳ ನಡುವೆ ಸೇಂಟ್ ಜುಸ್ಟ್ ಅಂತ ಒಂದು ಚರ್ಚು, 11-12ನೇ ಶತಮಾನದಲ್ಲಿ ಕಟ್ಟಿ 1200ರಲ್ಲಿ ಪ್ರತಿಷ್ಠೆ ಮಾಡಿದ್ದು. ಬಾಗಿಲಲ್ಲಿ ಸಂತ ಜುಸ್ಟ್, ಪಾಸ್ತರ್, ಎತಿಯೆನ್, ಸಂತ ಹೆಲೆನಾ ನಾಲ್ಕು ಮೂರ್ತಿ ಸಾಲಾಗಿ ನಿಂತಿದಾವೆ, ಎಲ್ಲರೂ ಅದನ್ನೇ ಫೋಟೋ ತೆಗೀತಾರೆ, ತೆಗೀರಿ, ಚೆನ್ನಾಗಿದೆ. ಆದ್ರೆ ಆಮೇಲೆ ಒಂದು ಹತ್ತು ನಿಮಿಷ ಹೊರಗಿನ ಗೋಡೆ ಸುತ್ತ ಬನ್ನಿ. ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಸೈಜಲ್ಲಿ, ಬಣ್ಣದಲ್ಲಿ ಸಂಬಂಧಾನೇ ಇಲ್ಲ. ಕಂಬದ ತುಂಡು ಅಡ್ಡಡ್ಡ ಮಲಗಿಸಿ ಗೋಡೆಗೆ ಸೇರಿಸಿದಾರೆ, ಕೆತ್ತನೆ ಇರೋ ಚೂರುಗಳು ಸಂಬಂಧ ಇಲ್ಲದ ಜಾಗದಿಂದ ಇಣುಕ್ತವೆ, ಒಳಗೆ ಹೋದ್ರೆ ರೋಮನ್ ಕಂಬ, ಕಂಬದ ತಲೆಗಳೇ ಚರ್ಚಿನ ಚಾವಣಿ ಹೊತ್ಕೊಂಡಿವೆ. ಕೆಳಗಿನ ಊರಿನ ಮೇಲ್ಭಾಗ ಇಲ್ಲಿದೆ! ಅಲ್ಲಿ ಮೊಣಕಾಲೆತ್ತರ, ಇಲ್ಲಿ ತಲೆ ಮೇಲೆ. ಎರಡನ್ನೂ ಒಂದೇ ದಿನ ನೋಡಿದ್ರೆ ಮಾತ್ರ ಇದು ಕಣ್ಣಿಗೆ ಬೀಳೋದು. ಹೇಳ್ಬೇಕು ಅಂದ್ರೆ ಮೇಲಿರೋ ದೊಡ್ಡ ಕೆಥೆಡ್ರಲ್ಲಿಗಿಂತ ನನಗೆ ಈ ಚರ್ಚೇ ಇಷ್ಟ, ಜಗಳಕ್ಕೆ ಬರೋರು ಬನ್ನಿ.

ಕೆಳಗಡೆ ಸ್ನಾನದ ಮನೆ ಹತ್ರಾನೂ ಒಂದು ಸಲ ನಿಧಾನಕ್ಕೆ ನಿಲ್ಲಿ. ರೋಮನ್ನರು ನೆಲ ಬಿಸಿ ಮಾಡ್ತಿದ್ದದ್ದು ಹೇಗೆ ಅಂದ್ರೆ, ಇಟ್ಟಿಗೆ ಮೇಲೆ ಇಟ್ಟಿಗೆ ಜೋಡಿಸಿ ಗಿಡ್ಡ ಗಿಡ್ಡ ಕಂಬ ಸಾಲಾಗಿ ನಿಲ್ಲಿಸಿ, ಅದರ ಮೇಲೆ ದಪ್ಪ ನೆಲ ಹಾಕೋರು, ಪಕ್ಕದ ಒಲೆಯಿಂದ ಬಿಸಿ ಗಾಳಿ ಹೊಗೆ ಎಲ್ಲಾ ಆ ಕಂಬಗಳ ಸಂದೀಲಿ ಹರಿದು ಗೋಡೆ ಒಳಗಿನ ಕೊಳವೆಗಳಿಂದ ಮೇಲೆ ಹೋಗೋದು. ನಮ್ಮ ಮಲೆನಾಡ ಬಚ್ಚಲ ಹಂಡೆ ಒಲೆ ನೋಡಿದವರಿಗೆ ಹೊಸದೇನಲ್ಲ, ಇಲ್ಲಿ ಹಂಡೆ ಬದಲು ಇಡೀ ರೂಮಿಗೇ ಒಲೆ ಹಾಕಿದಾರೆ. ಒಲೆಗೆ ಹತ್ರದ್ದು ಬಿಸಿ ಕೋಣೆ, ಆಮೇಲಿಂದು ಉಗುರುಬೆಚ್ಚಗೆ, ದೂರದ್ದು ತಣ್ಣೀರಿನ ಕೋಣೆ. ಇದು ಗೊತ್ತಿದ್ರೆ ಬುಡಗೋಡೆ ನೋಡಿ ಯಾವ ಕೋಣೆ ಯಾವುದು ಅಂತ ನೀವೇ ಹೇಳಬಹುದು, ಮಕ್ಕಳಿಗೆ "ಒಲೆ ಎಲ್ಲಿತ್ತು ಕಂಡುಹಿಡಿ" ಅಂತ ಬಿಟ್ಟು ನೋಡಿ, ಮೊಬೈಲ್ ಕೇಳಲ್ಲ. ಅಪ್ಪಂದಿರಿಗೂ ಇದು ಹಿಡಿಸುತ್ತೆ, ಅದ್ರಲ್ಲೂ ರಿಟೈರ್ಡ್ ಪಿಡಬ್ಲ್ಯೂಡಿ ಇಂಜಿನಿಯರ್ ಆಗಿದ್ರಂತೂ ಅವರನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ.

ಮಾರ್ಕೆಟ್ ಅಂಗಳದ ಸುತ್ತ ಅಂಗಡಿ ಸಾಲಿನ ಗೆರೆ ಈಗಲೂ ಸ್ಪಷ್ಟವಾಗಿದೆ. ದೇವಸ್ಥಾನದ ಕಡೆ ಉಳಿದಿರೋದು ಬುನಾದಿ ಮಾತ್ರ. ಆದ್ರೆ ಆ ಹತ್ರದಲ್ಲೇ 1920ರ ದಶಕದಲ್ಲಿ ಮಣ್ಣಲ್ಲಿ ಸಿಕ್ಕಿದ ಅಮೃತಶಿಲೆ ಮೂರ್ತಿಗಳು ಮೇಲಿನ ಊರಲ್ಲಿದಾವೆ, ಒಲಿವೆತೆನ್ ಅನ್ನೋ ಕ್ರಿಶ್ಚಿಯನ್ ಪಂಗಡದ ಸನ್ಯಾಸಿಗಳ ಹಳೇ ಮಠದ ಕಟ್ಟಡದಲ್ಲಿ. ಆಗಸ್ಟಸ್ ಚಕ್ರವರ್ತಿಯ ಗೆಲುವಿನ ಸ್ಮಾರಕ ಅದು. ಕೈ ಕಟ್ಟಿಸ್ಕೊಂಡ ಸೆರೆಯಾಳುಗಳು, ಸೋತ ಸೀಮೆಗಳನ್ನ ಹೆಂಗಸಿನ ರೂಪದಲ್ಲಿ ತೋರಿಸಿರೋದು. ಗೆದ್ದವನ ಹೆಸರಲ್ಲಿ ಸೋತ ಸೀಮೆಯ ಊರ ಮಧ್ಯೆಯೇ ನಿಂತಿದ್ದ ಸ್ಮಾರಕ, ಜನ ದಿನಾ ಮಾರ್ಕೆಟ್ಟಿಗೆ ಹೋಗ್ತಾ ಬರ್ತಾ ನೋಡೋ ಹಾಗೆ. ಅದನ್ನ ನೋಡಿ ಎಲ್ಲರೂ "ಎಷ್ಟು ಚೆನ್ನಾಗಿ ಕೆತ್ತಿದಾರೆ" ಅಂತಾರೆ, ಕೆತ್ತನೆ ಚೆನ್ನಾಗಿದೆ ನಿಜ, ನನಗೆ ಮಾತ್ರ ಆ ಸೆರೆಯಾಳಿನ ಮುಖ ನೋಡಿದ್ರೆ ಹೊಟ್ಟೇಲಿ ಏನೋ ಆಗುತ್ತೆ.

ಈ ಅಗೆತದ ಕೆಲಸಾನ್ನ ದಶಕಗಟ್ಟಲೆ ಮುಂದೆ ನಿಂತು ಮಾಡಿಸಿದ್ದು ಯಾರು ಗೊತ್ತಾ, ಬರ್ಟ್ರಾಂಡ್ ಸಾಪೆನ್ ಅಂತ ಆ ಊರಿನ ಸ್ಕೂಲ್ ಮೇಷ್ಟ್ರು. ಪ್ಯಾರಿಸ್ಸಿಂದ ಬಂದ ಪ್ರೊಫೆಸರ್ ಅಲ್ಲ, ಮಕ್ಕಳಿಗೆ ಮಗ್ಗಿ ಹೇಳಿಕೊಡೋ ಮೇಷ್ಟ್ರು. ಇದನ್ನ ನಿಮ್ಮ ಮನೇಲಿ ಟೀಚರ್ ಆಗಿದ್ದೋರು ಇದ್ರೆ ಖಂಡಿತ ಹೇಳಿ.

ಇನ್ನೊಂದು ಮಾತು ಪದೇ ಪದೇ ಕೇಳಿ ಬರುತ್ತೆ, "ನಮ್ಮ ಹಂಪಿ ಮುಂದೆ ಇದೇನ್ರೀ". ಹಂಪಿ ಹಂಪೀನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹಂಪಿಯಲ್ಲಿ ಕೂಡ ದೇವಸ್ಥಾನಗಳು ನಿಂತಿವೆ, ರಾಜಾಂಗಣದಲ್ಲಿ ಅರಮನೆಗಳದ್ದು ಬರೀ ಜಗಲಿ ಉಳಿದಿರೋದು, ಯಾಕಂದ್ರೆ ಮೇಲಿದ್ದದ್ದು ಮರ. ಅಲ್ಲಿ ಗೈಡ್ ಹೇಳಿದ್ದನ್ನ ಅರ್ಧ ಗಂಟೆ ತಲೆ ಆಡಿಸ್ಕೊಂಡು ಕೇಳ್ತೀವಿ, ಇಲ್ಲಿ ಅದೇ ಥರ ಜಗಲಿ ಕಂಡ್ರೆ ಕಾರು ಸ್ಲೋ ಕೂಡ ಮಾಡಲ್ಲ. ಅದೂ ಅಲ್ದೆ ಈ ರೋಮನ್ನರು ನಮಗೆ ಅಷ್ಟು ಪರಕೀಯರೂ ಅಲ್ಲ. ಇಲ್ಲಿ ಯಾರ ಗೆಲುವಿಗೆ ಆ ಸ್ಮಾರಕ ನಿಂತಿತ್ತೋ ಆ ಆಗಸ್ಟಸ್‌ದು, ಅವನ ನಂತರ ಬಂದ ಟಿಬೇರಿಯಸ್‌ದು ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಅಗೆಸಿದ್ದರು. 1891ರಲ್ಲಿ ನಮ್ಮ ಯಶವಂತಪುರದಲ್ಲೇ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತ್ತು. ಯಶವಂತಪುರ ಸ್ಟೇಷನ್ನಲ್ಲಿ ರೈಲಿಗೆ ಕಾದಿರೋ ಎಷ್ಟು ಜನಕ್ಕೆ ಇದು ಗೊತ್ತೋ.

ಇತಿಹಾಸದ ಕಡೇ ಅಂಕ ಹೇಳಿ ಮುಂದಿನ ವಿಷಯಕ್ಕೆ ಹೋಗ್ತೀನಿ, ಯಾಕಂದ್ರೆ ಇದು ಸಿನಿಮಾಗಿಂತ ಕಮ್ಮಿ ಇಲ್ಲ. ಕ್ರಿ.ಶ. 585ರಲ್ಲಿ ಗುಂಡೋವಾಲ್ಡ್ ಅನ್ನೋನು ನಾನೂ ಆಗ ಇಲ್ಲಿ ಆಳ್ತಿದ್ದ ಫ್ರಾಂಕ್ ರಾಜವಂಶದವನೇ ಅಂತ ಸಿಂಹಾಸನ ಕೇಳ್ಕೊಂಡು ಬಂದು, ಎಲ್ಲೂ ನಿಲ್ಲಕ್ಕಾಗದೆ ಕೊನೆಗೆ ಈ ಗುಡ್ಡ ಹತ್ತಿ ಕೂತ. ಗುಂಟ್ರಾಮ್ ರಾಜನ ಸೈನ್ಯ ಬಂದು ಮುತ್ತಿಗೆ ಹಾಕ್ತು. ಕೋಟೆ ಮುರಿಯಕ್ಕೆ ಆಗ್ಲಿಲ್ಲ, ಆದ್ರೆ ಒಳಗಿದ್ದ ಅವನ ಕಡೆಯವರೇ, ಮುಮ್ಮೋಲಸ್ ಅಂತ ಅವನ ನಂಬಿಕೆಯ ಸೇನಾಪತಿ ಸೇರಿ, ಅವನನ್ನ ಹೊರಗೆ ಕಳಿಸಿಕೊಟ್ರು, ಹೊರಗೆ ಕಾಯ್ತಿದ್ದೋರು ತಲೆಗೆ ಕಲ್ಲು ಎತ್ತಿ ಹಾಕಿ ಕೊಂದ್ರು. ಆಮೇಲೆ ಊರಿಗೆ ಬೆಂಕಿ, ಸಿಕ್ಕಿದವರನ್ನೆಲ್ಲಾ ಕೊಚ್ಚಿದ್ರು. ಇದನ್ನ ಆ ಕಾಲದಲ್ಲೇ ಇದ್ದ ತೂರ್ಸ್ ಊರಿನ ಬಿಷಪ್ ಗ್ರೆಗರಿ ಬರೆದಿಟ್ಟಿದ್ದಾನೆ. ಅಲ್ಲಿಂದ ಮುಂದೆ ಐನೂರು ವರ್ಷ ಊರಿನ ಸದ್ದೇ ಇಲ್ಲ, 1083ರ ಸುಮಾರಿಗೆ ಬರ್ಟ್ರಾಂಡ್ ಅನ್ನೋ ಬಿಷಪ್ ಬಂದು ಗುಡ್ಡದ ಮೇಲೆ ಚರ್ಚು ಕಟ್ಟಿಸಿ ಊರಿಗೆ ಮತ್ತೆ ಜೀವ ಕೊಟ್ಟ, ಈಗಿನ ಹೆಸರು ಅವನದ್ದೇ. ಮೇಲೆ ಹತ್ತೋ ಮುಂಚೆ ಕೆಳಗಿಂದು ನೋಡಿ ಅಂತ ಹಠ ಮಾಡ್ತಿರೋದು ಇದಕ್ಕೇ, ಮೇಲಿರೋದು ಈ ಊರಿನ ಎರಡನೇ ಜನ್ಮ.

   

ಕೆಥೆಡ್ರಲ್ಲಿನ ಬಗ್ಗೆ ಜಾಸ್ತಿ ಹೇಳಲ್ಲ, ಅದನ್ನ ನೀವು ಹೇಗಿದ್ರೂ ನೋಡ್ತೀರ. ಪಾದ್ರಿಗಳು ಕೂರೋ 1535ರ ಮರದ ಕೆತ್ತನೆ ಪೀಠಗಳು 66 ಇವೆ, ದುಡ್ಡು ಕೊಟ್ಟಾದ್ರೂ ಅದರ ಒಳಗೆ ಹೋಗಿ, ಸೀಟಿನ ಪಕ್ಕದ ಕೆತ್ತನೇಲಿ ಆ ಬಡಗಿಗಳ ಹಾಸ್ಯ ಕೂಡ ಕಾಣುತ್ತೆ. ಮೊಸಳೆ ಮುಂದೆ ಸೆಲ್ಫಿ ತಗೊಳ್ಳಿ, ಸಂತ ಬರ್ಟ್ರಾಂಡ್ ಕೋಲಿಂದ ಮುಟ್ಟಿ ಪಳಗಿಸಿದ ಅಂತ ಕಥೆ ಹೇಳ್ತಾರೆ.

ಈಗ ಸ್ವಲ್ಪ ಖಾರವಾಗಿ ಮಾತಾಡ್ಬೇಕು, ಬೇಜಾರ್ ಮಾಡ್ಕೋಬೇಡಿ. ಆ ಮೊಣಕಾಲೆತ್ತರದ ಗೋಡೆಗಳ ಮೇಲೆ ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೆಯೋದು ನಿಲ್ಲಿಸಿ. ಹೊರಗೆ ಸಣ್ಣ ಸಣ್ಣ ಕಲ್ಲು ಜೋಡಣೆ, ಒಳಗೆ ಸುಣ್ಣದ ಗಾರೆ, ಜಲ್ಲಿ. ಮಳೆ, ಹಿಮ ಎರಡೂ ತಿಂದು ಸಡಿಲ ಆಗಿರುತ್ತೆ, ಒಂದು ಕಲ್ಲು ಕಿತ್ರೆ ಪಕ್ಕದ್ದು ತಾನೇ ಬರುತ್ತೆ. ಹಾಗೇ ನೆಲದ ಮೇಲೆ ಬಿದ್ದಿರೋ ಹೆಂಚಿನ ಚೂರು, ಮಡಕೆ ಚೂರು "ಮೆಮೊರಿಗೆ ಒಂದು" ಅಂತ ಜೇಬಿಗೆ ಹಾಕೋದು, ಅದಕ್ಕೆ ಕಳ್ಳತನ ಅಂತಾನೇ ಹೆಸರು. ಮತ್ತೆ ಯಾರೋ ಒಬ್ಬರು ಮೆಟಲ್ ಡಿಟೆಕ್ಟರ್ ಆರ್ಡರ್ ಮಾಡಿ "ಪಿರೆನೀಸ್ ಕಡೆ ನಾಣ್ಯ ಹುಡುಕೋಣ ಬರ್ತೀರಾ" ಅಂತ ಕೇಳ್ತಿದ್ರು. ಸ್ವಾಮಿ, ಫ್ರಾನ್ಸಲ್ಲಿ ಪುರಾತನ ವಸ್ತು ಹುಡುಕಕ್ಕೆ ಮೆಟಲ್ ಡಿಟೆಕ್ಟರ್ ಬಳಸ್ಬೇಕು ಅಂದ್ರೆ ಸರ್ಕಾರದ ಪರ್ಮಿಷನ್ ಬೇಕು, ಹೊಲದ ಯಜಮಾನ ಹೂಂ ಅಂದ್ರೆ ಸಾಲದು, 1989ರಿಂದಾನೇ ಕಾನೂನು ಇದೆ. ವೀಸಾ ಮೇಲೆ ಇರೋರು ಇದನ್ನ ಎರಡು ಸಲ ಓದ್ಕೊಳ್ಳಿ.

ಊರಿನವರಿಗೂ ಇದೇ ಕಾನೂನಿನ ಬಿಸಿ ಇದೆ ಅನ್ನೋದು ನಮಗೆ ಗೊತ್ತಿರ್ಬೇಕು. ಸಂರಕ್ಷಿತ ಸ್ಮಾರಕದ ಸುತ್ತ ಸಾಮಾನ್ಯವಾಗಿ 500 ಮೀಟರ್ ಒಳಗೆ ಕಿಟಕಿ ಬದಲಾಯಿಸ್ಬೇಕು ಅಂದ್ರೂ, ಗೋಡೆಗೆ ಬೇರೆ ಬಣ್ಣ ಹೊಡೀಬೇಕು ಅಂದ್ರೂ ಸರ್ಕಾರಿ ಆರ್ಕಿಟೆಕ್ಟ್ ಅಭಿಪ್ರಾಯ ಬೇಕು. ಸುತ್ತ ಮೂರು ನಾಲ್ಕು ಸ್ಮಾರಕ ಇರೋ ಇಂಥ ಊರಲ್ಲಿ ನೆಲ ಅಗೆಯೋ ಕೆಲಸ ಅಂದ್ರೆ ಮೊದಲು ಪುರಾತತ್ವದವರು ಬಂದು ನೋಡ್ಬೇಕಾಗಬಹುದು. 1998ರಲ್ಲಿ ಇಲ್ಲಿನ ಕೆಥೆಡ್ರಲ್, ಹಳೇ ಕ್ರಿಶ್ಚಿಯನ್ ಬಸಿಲಿಕಾದ ಅವಶೇಷ, ವಾಲ್ಕಾಬ್ರೇರ್ ಚರ್ಚು ಎಲ್ಲಾ ಸ್ಪೇನಿನ ಸಾಂತಿಯಾಗೋಗೆ ಹೋಗೋ ಕ್ರಿಶ್ಚಿಯನ್ ಯಾತ್ರೆಯ ದಾರಿಗಳ ಲೆಕ್ಕದಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ನಾವು "ಎಷ್ಟು ಚಂದ ಮೈಂಟೇನ್ ಮಾಡಿದಾರೆ" ಅಂತ ಹೊಗಳಿ ಬರ್ತೀವಲ್ಲ, ಅದರ ತಾಪತ್ರಯ ಅನುಭವಿಸೋರು ಆ 250 ಜನ. ಅಂಥ ಊರಿಗೆ ಹೋಗಿ, ಮನೆಯಿಂದ ತಂದ ಚಿತ್ರಾನ್ನ ತಿಂದು, ಪ್ಲೇಟ್ ಅಲ್ಲೇ ಬಿಸಾಕಿ, ಒಂದು ಕಾಫೀನೂ ಕುಡೀದೆ ಬರೋದು ಸರಿ ಅಲ್ಲ. ಚಿತ್ರಾನ್ನ ತಿನ್ನಿ, ನಾನೂ ತಿಂತೀನಿ, ಆದ್ರೆ ಕಸ ವಾಪಸ್ ತನ್ನಿ, ಕಾಫಿ ಅಲ್ಲಿ ಕುಡೀರಿ, ಮಕ್ಕಳಿಗೆ ಒಂದು ಪುಸ್ತಕಾನೋ ಪೋಸ್ಟ್‌ಕಾರ್ಡೋ ಅಲ್ಲೇ ಕೊಡ್ಸಿ.

"ಇವರು ಯಾಕೆ ಎಲ್ಲಾ ಮತ್ತೆ ಕಟ್ಟಿ ಲೈಟಿಂಗ್ ಹಾಕಿ ಶೋ ಮಾಡ್ಬಾರ್ದು" ಅಂತಾನೂ ಕೇಳಿದ್ದೀನಿ. ನನ್ನ ಅಭಿಪ್ರಾಯ ಬೇಡ ಅಂತ. ಮೇಲೆ ಏನಿತ್ತು ಅನ್ನೋದಕ್ಕೆ ಅರ್ಧ ಊಹೆ ಬೆರೆಸಿ ಕಾಂಕ್ರೀಟಲ್ಲಿ ಕಟ್ಟಿದ್ರೆ ನಾಳೆ ಹುಟ್ಟೋ ಮಕ್ಕಳು ಅದನ್ನೇ ಅಸಲಿ ಅಂದ್ಕೋತಾರೆ. ಬೇಕಿದ್ರೆ ಅಲ್ಲಲ್ಲಿ ಇನ್ನೊಂದಿಷ್ಟು ಒಳ್ಳೆ ಚಿತ್ರ ಇರೋ ಬೋರ್ಡ್ ಹಾಕ್ಲಿ, ಫ್ರೆಂಚ್ ಬರದೇ ಇರೋ ಅಜ್ಜಿ ತಾತಂದಿರಿಗೂ ನೋಡಿದ ತಕ್ಷಣ "ಓಹ್ ಇದು ಬಚ್ಚಲು, ಇದು ಅಂಗಡಿ" ಅಂತ ತಿಳಿಯೋ ಹಾಗೆ. ಈ ಸೈಟ್ ನೋಡ್ಕೊಳ್ಳೋದು ಹೋತ್-ಗರೋನ್ ಜಿಲ್ಲಾಡಳಿತ, ಟುಲೂಸಲ್ಲಿ ಇರೋ ನಾವೆಲ್ಲಾ ಆ ಜಿಲ್ಲೆಯಲ್ಲೇ ಇದ್ದೀವಿ, ನಾಲ್ಕು ಸಾಲು ಫ್ರೆಂಚಲ್ಲಿ ಬರೆದು ಕೇಳೋಕೆ ನಮಗೇನು ಅಡ್ಡಿ? ಫ್ರೆಂಚ್ ಚೆನ್ನಾಗಿ ಬರೋರು ಯಾರಾದ್ರೂ ಮುಂದೆ ಬನ್ನಿ, ಪತ್ರ ಒಟ್ಟಿಗೆ ಬರೆಯೋಣ, ಸಹಿ ಎಲ್ಲರದ್ದು ಹಾಕೋಣ.

ಪ್ರ್ಯಾಕ್ಟಿಕಲ್ ವಿಷಯ ಹೇಳಿ ಮುಗಿಸ್ತೀನಿ. ಬೆಳಿಗ್ಗೆ ಬೇಗ ಹೊರಡಿ, ಕೆಳಗಿನ ಊರು, ವಾಲ್ಕಾಬ್ರೇರ್ ಎರಡೂ ಬಿಸಿಲೇರೋ ಮುಂಚೆ ಮುಗಿಸಿ, ಯಾಕಂದ್ರೆ ಬಯಲಲ್ಲಿ ನೆರಳು ಕಮ್ಮಿ. ಮಧ್ಯಾಹ್ನ ಊಟದ ಹೊತ್ತಲ್ಲಿ ಫ್ರಾನ್ಸಿನ ಹಳ್ಳಿಗಳಲ್ಲಿ ಬಾಗಿಲು ಹಾಕಿರೋದು ಮಾಮೂಲು, ಚಳಿಗಾಲದಲ್ಲಿ ಇನ್ನೂ ಜಾಸ್ತಿ, ಹೋಗೋ ಮುಂಚೆ ಟೈಮಿಂಗ್ ನೋಡ್ಕೊಳ್ಳಿ. ಮೇಲಕ್ಕೆ ಏರು ದಾರಿ, ಮಂಡಿ ನೋವಿರೋರನ್ನ ಆತುರ ಪಡಿಸ್ಬೇಡಿ. ಹತ್ರದಲ್ಲೇ ಗಾರ್ಗಾಸ್ ಗುಹೆ ಇದೆ, ಶಿಲಾಯುಗದ ಮನುಷ್ಯರು ಗೋಡೆ ಮೇಲೆ ಕೈ ಇಟ್ಟು ಸುತ್ತ ಬಣ್ಣ ಊದಿ ಮಾಡಿದ ಅಚ್ಚುಗಳು, ಎಷ್ಟೋ ಕೈಯಲ್ಲಿ ಬೆರಳೇ ಅರ್ಧ ಇಲ್ಲ, ಯಾಕೆ ಅಂತ ಇವತ್ತಿಗೂ ವಾದ ನಡೀತಿದೆ. ಅದಕ್ಕೆ ಮುಂಚೇನೇ ಬುಕ್ ಮಾಡ್ಬೇಕು, ಒಳಗೆ ತಣ್ಣಗಿರುತ್ತೆ, ಸ್ವೆಟರ್ ಇರ್ಲಿ. ಎಲ್ಲಾ ಒಂದೇ ದಿನಕ್ಕೆ ತುರುಕ್ಬೇಡಿ, ಗುಹೆಗೆ ಇನ್ನೊಂದು ಭಾನುವಾರ ಇಟ್ಕೊಳ್ಳಿ. ಫ್ರೆಂಚ್ ಪತ್ರಕ್ಕೆ ಯಾರು ಸಿದ್ಧ ಅಂತ ಇದರ ಕೆಳಗೇ ಹೇಳಿ.

ಇಂತಿ,
ಟುಲೂಸಿಂದ ನಿಮ್ಮವನೊಬ್ಬ